ಓದುಗರ ಪ್ರಶ್ನೆ: ನಕ್ಷತ್ರಗುಚ್ಛ ನೋಡಿ ಗ್ಯಾಲಕ್ಸಿ ಇತಿಹಾಸ ಹೆಂಗೆ ಹೇಳ್ತಾರೆ?

ಒಂಟಿ ನಕ್ಷತ್ರದ ವಯಸ್ಸು ಹೇಳೋದು ನಿಜಕ್ಕೂ ಕಷ್ಟ ಕಣ್ರೀ. ಸೂರ್ಯನಂಥದ್ದು 1000 ಕೋಟಿ ವರ್ಷ ಹೆಚ್ಚುಕಮ್ಮಿ ಒಂದೇ ಥರ ಉರೀತಿರುತ್ತೆ, ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ. ಗುಚ್ಛದಲ್ಲಾದ್ರೆ ಸಾಮಾನ್ಯವಾಗಿ ಎಲ್ಲಾ ಒಂದೇ ಅನಿಲದ ಮೋಡದಿಂದ ಒಟ್ಟಿಗೆ ಹುಟ್ಟಿರ್ತವೆ. ಕಾರ್ತಿಕದ ದೀಪೋತ್ಸವ ನೆನಪು ಮಾಡ್ಕೊಳ್ಳಿ, ಎಲ್ಲಾ ದೀಪ ಒಟ್ಟಿಗೇ ಹಚ್ಚಿರ್ತಾರೆ, ದೊಡ್ಡ ದೀಪಕ್ಕೆ ಎಣ್ಣೆ ಜಾಸ್ತಿ ಆದ್ರೂ ಉರಿ ಅದಕ್ಕಿಂತ ಜಾಸ್ತಿ ಅಂತ ಇಟ್ಕೊಳ್ಳಿ, ಮೊದಲು ಆರೋದು ಅದೇ. ನೀವು ಲೇಟಾಗಿ ಹೋದ್ರೂ ಯಾವ ಸೈಜಿನವು ಆರಿವೆ ಅಂತ ನೋಡಿ ಎಷ್ಟೊತ್ತಿಗೆ ಹಚ್ಚಿದ್ರು ಅಂತ ಹೇಳ್ಬಹುದು.

ನಕ್ಷತ್ರಗಳೂ ಹಂಗೇ, ದೊಡ್ಡವು ಮೊದಲು ಆರ್ತವೆ. ಕೃತ್ತಿಕೆ ಗುಚ್ಛದಲ್ಲಿ ನೀಲಿ ದೈತ್ಯ ನಕ್ಷತ್ರಗಳು ಇನ್ನೂ ಉರೀತಿವೆ, ಅಂದ್ರೆ ಅದು ಮಗು, ವಯಸ್ಸು ಸುಮಾರು 10-12 ಕೋಟಿ ವರ್ಷ ಅಷ್ಟೇ. ಗೋಳಾಕಾರದ ಗುಚ್ಛಗಳಲ್ಲಿ ಸೂರ್ಯನ ತೂಕದವೂ ಮುದಿಯಾಗಿಬಿಟ್ಟಿವೆ, ಹೆಚ್ಚಿನವಕ್ಕೆ 1100-1300 ಕೋಟಿ ವರ್ಷ. ನಮ್ಮ ಆಕಾಶಗಂಗೆಯಲ್ಲಿ ಇಂಥವು 150ಕ್ಕೂ ಜಾಸ್ತಿ ಇವೆ. (1990ರ ದಶಕದಲ್ಲಿ ಕೆಲವು ಗುಚ್ಛಗಳ ವಯಸ್ಸು ಇಡೀ ವಿಶ್ವದ ವಯಸ್ಸಿಗಿಂತ ಜಾಸ್ತಿ ಬಂದು ದೊಡ್ಡ ಮುಜುಗರ ಆಗಿತ್ತು, ತಾಯಿಗಿಂತ ಮಗಳೇ ದೊಡ್ಡೋಳು! ಆಮೇಲೆ ದೂರದ ಅಳತೆ ಸರಿ ಮಾಡ್ಕೊಂಡ್ರು, ವಿಶ್ವದ ಲೆಕ್ಕವೂ 1380 ಕೋಟಿಗೆ ಬಂದು ನಿಂತ್ತು.)

ನನಗೆ ಮಜಾ ಅನ್ಸೋದು ಮುಂದಿನ ಭಾಗ. ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದಿದ್ದೆಲ್ಲಾ ಖಗೋಳದವರಿಗೆ 'ಲೋಹ'ನೇ, ಆಕ್ಸಿಜನ್ ಕೂಡ. ನಕ್ಷತ್ರಗಳು ಸತ್ತಾಗ ಲೋಹ ಹರಡುತ್ತೆ, ದೊಡ್ಡ ಗ್ಯಾಲಕ್ಸಿಯಲ್ಲಿ ಅದು ಬೇಗ ತುಂಬ್ಕೊಳ್ಳುತ್ತೆ, ಸಣ್ಣದ್ರಲ್ಲಿ ನಿಧಾನ. ಹಂಗಾಗಿ ಗುಚ್ಛಗಳ ವಯಸ್ಸು, ಲೋಹ ಎರಡೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಎರಡು ಸಾಲು ಕಾಣ್ತವೆ, ಒಂದು ಇಲ್ಲೇ ಹುಟ್ಟಿದ ಮನೆಮಕ್ಕಳದ್ದು, ಇನ್ನೊಂದು ಅದೇ ವಯಸ್ಸಿಗೆ ಲೋಹ ಕಮ್ಮಿ ಇರೋದು, ಅಂದ್ರೆ ಯಾವುದೋ ಸಣ್ಣ ಗ್ಯಾಲಕ್ಸಿಯಲ್ಲಿ ಹುಟ್ಟಿ ನಮ್ಮದು ಅದನ್ನ ನುಂಗಿದಾಗ ಇಲ್ಲಿಗೆ ಬಂದವು. 2018ರಲ್ಲಿ ಗಾಯಾ ಉಪಗ್ರಹ ನಕ್ಷತ್ರಗಳ ಚಲನೆ ಅಳೆದು ಕೊಟ್ಟ ಡೇಟಾದಿಂದ ಸುಮಾರು 1000 ಕೋಟಿ ವರ್ಷದ ಹಿಂದೆ ಹಂಗೆ ನುಂಗಿದ ಒಂದು ಗ್ಯಾಲಕ್ಸಿ ಪತ್ತೆ ಆಯ್ತು, ಗಾಯಾ-ಎನ್ಸೆಲಾಡಸ್ ಅಂತ ಹೆಸರಿಟ್ರು, ಅದರ ಜೊತೆ ಬಂದ ಗುಚ್ಛಗಳು ಇವತ್ತಿಗೂ ಹೆಚ್ಚುಕಮ್ಮಿ ಅದೇ ಥರದ ಕಕ್ಷೆಗಳಲ್ಲಿ ಸುತ್ತುತಾ ಇವೆ.

ಒಮೇಗಾ ಸೆಂಟಾರಿ ಅನ್ನೋ ಗೋಳಾಕಾರದ ಗುಚ್ಛ ಅಂತೂ ಒಂದೇ ಬ್ಯಾಚ್ ಅನ್ನೋ ರೂಲ್ ಅನ್ನೇ ಮುರಿಯುತ್ತೆ. ಸುಮಾರು ಒಂದು ಕೋಟಿ ನಕ್ಷತ್ರ, ಲೋಹದ ಪ್ರಮಾಣ ಒಂದೊಂದ್ರಲ್ಲಿ ಒಂದೊಂದು ಥರ. ಅದಕ್ಕೇ ಇದು ಗುಚ್ಛವೇ ಅಲ್ಲ, ನುಂಗಿಹೋದ ಗ್ಯಾಲಕ್ಸಿಯ ಉಳಿದ ತಿರುಳು ಅನ್ನೋ ಅನುಮಾನ ಬಲವಾಗಿದೆ. ಏಪ್ರಿಲ್-ಮೇ ರಾತ್ರಿ ಕತ್ತಲಿರೋ ಊರಲ್ಲಿ ದಕ್ಷಿಣಕ್ಕೆ ತಗ್ಗಿನಲ್ಲಿ ಮಸುಕು ಚುಕ್ಕೆ ಥರ ಬರಿಗಣ್ಣಿಗೇ ಕಾಣುತ್ತೆ, ಬೈನಾಕ್ಯುಲರ್ ಇದ್ರೆ ತಗೊಂಡು ಹೋಗಿ.