ಯೆರಿಕೋ ಗೋಡೆ ಬಿದ್ದದ್ದು ಯಾವಾಗ?

ಏಳು ದಿನ ಊರು ಸುತ್ತಿ, ಕೊಂಬು ಊದಿ, ಜನ ಆರ್ಭಟಿಸಿದಾಗ ಯೆರಿಕೋ ಗೋಡೆ ಕುಸಿದು ಬಿತ್ತು. ಇಸ್ರಾಯೇಲರ ನಾಯಕ ಯೆಹೋಶುವನ ಈ ಕಥೆ ಬೈಬಲ್ ಓದದವರಿಗೂ ಗೊತ್ತಿರುತ್ತದೆ. ಆ ಗೋಡೆ ಎಲ್ಲಿ ಅಂತ ಹುಡುಕಾಟ ಶುರುವಾಗಿ 150 ವರ್ಷ ದಾಟಿದೆ.

ಜಾಗ ವೆಸ್ಟ್ ಬ್ಯಾಂಕಿನ ಟೆಲ್ ಎಸ್-ಸುಲ್ತಾನ್ ದಿಬ್ಬ. 1868ರಲ್ಲಿ ಚಾರ್ಲ್ಸ್ ವಾರನ್ ಇಲ್ಲಿ ಗುಂಡಿ ತೋಡಿಸಿದರು. 20ನೇ ಶತಮಾನದ ಆರಂಭದಲ್ಲಿ ಜರ್ಮನ್ ಮತ್ತು ಆಸ್ಟ್ರಿಯನ್ ವಿದ್ವಾಂಸರು ಅಗೆದರು. 1930ರ ದಶಕದಲ್ಲಿ ಬ್ರಿಟಿಷ್ ಪುರಾತತ್ವಜ್ಞ ಜಾನ್ ಗಾರ್ಸ್ಟಾಂಗ್ ಅವರಿಗೆ ಬಿದ್ದ ಗೋಡೆ ಸಿಕ್ಕಿತು. ಕ್ರಿ.ಪೂ. 1400ರ ಸುಮಾರಿನದು, ಯೆಹೋಶುವನ ಕಾಲದ್ದೇ ಎಂದರು. ಜನ ಕಾಯುತ್ತಿದ್ದ ಉತ್ತರ ಅದೇ ಅಲ್ವಾ?

1952ರಲ್ಲಿ ಬ್ರಿಟಿಷ್ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ ಬಂದರು. ಅವರು ಕೆಲಸ ಕಲಿತದ್ದು ಮಾರ್ಟಿಮರ್ ವೀಲರ್ ಹತ್ತಿರ. 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದ ವೀಲರ್ ಇವರೇ. ಸುಮ್ನೆ ಗೋಡೆಯ ಬೆನ್ನು ಹತ್ತಿ ಅಗೆಯಬಾರದು ಎನ್ನುವುದು ಇಬ್ಬರ ಪಾಠ. ಕಂದಕ ನೇರವಾಗಿ ಕಡಿಯಬೇಕು, ಅದರ ಮಗ್ಗುಲಲ್ಲಿ ಮಣ್ಣಿನ ಪದರಗಳನ್ನು ಒಂದೊಂದಾಗಿ ಓದಬೇಕು. ಬೂದಿ, ತುಳಿದ ನೆಲ, ಕರಗಿದ ಇಟ್ಟಿಗೆ, ಎಲ್ಲಕ್ಕೂ ಬೇರೆ ಬೇರೆ ಬಣ್ಣ. ಗೋಡೆಯ ಪಾಯ ಯಾವ ಪದರದಿಂದ ಕೆಳಗಿಳಿದಿದೆಯೋ ಗೋಡೆಯೂ ಆ ಕಾಲದ್ದೇ.

ಹಾಗೆ ಓದಿದಾಗ ಗಾರ್ಸ್ಟಾಂಗ್ ಗೋಡೆ ಅವರು ಹೇಳಿದ್ದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದಾಯಿತು. ಅದಾದ ಮೇಲೆ ಎದ್ದ ಊರು ಸುಟ್ಟದ್ದು ಕ್ರಿ.ಪೂ. 1550ರ ಆಸುಪಾಸಿನಲ್ಲಿ. ಯೆಹೋಶುವನ ಕಾಲದ ಪದರದಲ್ಲಿ ಸಿಕ್ಕಿದ್ದು ಬಹಳ ಕಡಿಮೆ. ಮಳೆ ಗಾಳಿಗೆ ಕೊಚ್ಚಿಹೋಗಿರಬಹುದು ಎಂದು ಕೆನ್ಯನ್ ಅವರೇ ಹೇಳಿದ್ದರು.

1990ರಲ್ಲಿ ಪುರಾತತ್ವಜ್ಞ ಬ್ರಯಂಟ್ ವುಡ್ ಮಡಕೆ ಚೂರುಗಳನ್ನು ಮುಂದಿಟ್ಟು, ಊರು ಸುಟ್ಟದ್ದು ಕ್ರಿ.ಪೂ. 1400ರ ಸುಮಾರಿಗೇ ಎಂದರು. 1995ರಲ್ಲಿ, ಆ ಊರಲ್ಲಿ ಸಿಕ್ಕ ಸುಟ್ಟ ಕಾಳುಗಳ ರೇಡಿಯೋಕಾರ್ಬನ್ ಪರೀಕ್ಷೆ (ಉಳಿದ ಇಂಗಾಲ ಅಳೆದು ವಯಸ್ಸು ಲೆಕ್ಕ ಹಾಕುವ ವಿಧಾನ) ಕ್ರಿ.ಪೂ. 16ನೇ ಶತಮಾನವನ್ನು ತೋರಿಸಿತು. ಮನೆಯ ತೊಲೆ ಪರೀಕ್ಷಿಸಿದರೆ ಅದು ಊರಿಗಿಂತ ಹಳೇ ಮರದ್ದಿರಬಹುದು, ಕಾಳು ಮಾತ್ರ ಒಂದೇ ಸುಗ್ಗಿಯದು. ಹಾಗಾಗಿ ಈ ಸಾಕ್ಷಿಗೆ ತೂಕ ಜಾಸ್ತಿ. ಆದರೂ ವಾದ ನಿಂತಿಲ್ಲ.

ನನಗೆ ಬೇಸರ ಇನ್ನೊಂದಕ್ಕೆ. ಇಷ್ಟು ವರ್ಷ ಒಂದೇ ಗೋಡೆಯ ಸುತ್ತ ಮಾತಾಡುತ್ತಾ, ಅದೇ ದಿಬ್ಬದ ಆಳದಲ್ಲಿ ಕೆನ್ಯನ್ ಕಂಡ ಗೋಪುರವನ್ನು ಜನ ಮರೆತೇಬಿಟ್ಟಿದ್ದಾರೆ. ಕ್ರಿ.ಪೂ. 8000ದ ಸುಮಾರಿನ ಕಲ್ಲಿನ ಗೋಪುರ ಅದು. ಎತ್ತರ ಸುಮಾರು 8.5 ಮೀಟರ್, ಒಳಗೆ ಹತ್ತಲು ಮೆಟ್ಟಿಲು. ಕಟ್ಟಿದವರಿಗೆ ಮಡಕೆ ಮಾಡಲು ಕೂಡ ಇನ್ನೂ ಗೊತ್ತಿರಲಿಲ್ಲ. ಮುಂದೆ ಅಲ್ಲೇ ಬಾಳಿದವರು ಸತ್ತವರ ತಲೆಬುರುಡೆಗೆ ಗಾರೆ ಮೆತ್ತಿ ಮುಖ ತಿದ್ದಿದರು, ಕಣ್ಣಿನ ಜಾಗದಲ್ಲಿ ಚಿಪ್ಪು ಇಟ್ಟರು.