ಅಂಗವೈಕಲ್ಯ ಭತ್ಯೆ ಕೇಸು: ವಕೀಲರು ಎರಡು ಕಡೆಯಿಂದ ಫೀಸು ಪಡೆಯಬಹುದೇ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಅಣ್ಣನಿಗೆ ಸೋಷಿಯಲ್ ಸೆಕ್ಯುರಿಟಿಯವರು ಅಂಗವೈಕಲ್ಯ ಭತ್ಯೆ ಕೊಡಲಿಲ್ಲ. ಫೆಡರಲ್ ಕೋರ್ಟು ಆ ಆದೇಶ ರದ್ದು ಮಾಡಿ ಮರುವಿಚಾರಣೆಗೆ ಕಳಿಸಿದೆ. ವಕೀಲರು ಈಗ ಸರ್ಕಾರದಿಂದ ಫೀಸು ಕೇಳುತ್ತಾರಂತೆ, ಮುಂದೆ ಬಾಕಿ ಭತ್ಯೆಯಲ್ಲೂ ಶೇ. 25 ಕೇಳುತ್ತಾರಂತೆ. ಇದು ಸರಿಯೇ?

ಉತ್ತರ: ಎರಡನ್ನೂ ಕೇಳಬಹುದು. ಆದರೆ ಕೋರ್ಟಿನ ಅದೇ ಕೆಲಸಕ್ಕೆ ಎರಡೂ ಕೈಗೆ ಬಂದರೆ, ಅವುಗಳಲ್ಲಿ ಚಿಕ್ಕ ಮೊತ್ತವನ್ನು ನಿಮ್ಮಣ್ಣನಿಗೆ ವಾಪಸು ಕೊಡಲೇಬೇಕು.

ಮೊದಲನೆಯದು ಈಕ್ವಲ್ ಆಕ್ಸೆಸ್ ಟು ಜಸ್ಟಿಸ್ ಆಕ್ಟ್ ಪ್ರಕಾರ ಸರ್ಕಾರವೇ ಕೊಡುವ ಹಣ; ವಕೀಲರು ಇದನ್ನು ‘ಈಜಾ’ ಅನ್ನುತ್ತಾರೆ. ಮರುವಿಚಾರಣೆಯ ಆದೇಶ ಸಿಕ್ಕರೂ ಗೆದ್ದಂತೆಯೇ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಆದರೆ ಸರ್ಕಾರದ ವಾದಕ್ಕೆ ತಕ್ಕ ಆಧಾರವಿತ್ತು ಎಂದು ನ್ಯಾಯಾಧೀಶರಿಗೆ ಅನಿಸಿದರೆ ಇದು ಸಿಗುವುದಿಲ್ಲ. ಕಾನೂನಿನಲ್ಲಿ ಗಂಟೆಗೆ 125 ಡಾಲರ್ ಎಂದಿದ್ದರೂ ಬೆಲೆಯೇರಿಕೆ ಸೇರಿ ಈಗ 200 ದಾಟುತ್ತದೆ. ಗಡುವಿನ ವಿಷಯದಲ್ಲಿ ಎಚ್ಚರವಿರಲಿ: ಮೇಲ್ಮನವಿಗಿರುವ 60 ದಿನ ಕಳೆದ ಮೇಲೆ 30 ದಿನದೊಳಗೆ ಅರ್ಜಿ ಹಾಕಬೇಕು. ವಕೀಲರು ಇದನ್ನು ತಪ್ಪಿಸಿದರೆ ನಷ್ಟ ನಿಮ್ಮಣ್ಣನಿಗೇ, ಏಕೆಂದರೆ ಆಮೇಲೆ ವಾಪಸು ಬರಬೇಕಾದ ಹಣವೇ ಇರುವುದಿಲ್ಲ.

ಇನ್ನೊಂದು ತೊಡಕಿದೆ. 2010ರ ತೀರ್ಪಿನಂತೆ ಈಜಾ ಹಣ ಕಾನೂನಿನಲ್ಲಿ ಕಕ್ಷಿದಾರನದು, ವಕೀಲರದಲ್ಲ. ಹಾಗಾಗಿ ಫೆಡರಲ್ ತೆರಿಗೆ ಬಾಕಿಯೋ, ಕಟ್ಟದೆ ಉಳಿದ ಸರ್ಕಾರಿ ಶಿಕ್ಷಣ ಸಾಲವೋ ಇದ್ದರೆ ಅದಕ್ಕೆ ಮುರಿದುಕೊಳ್ಳುತ್ತಾರೆ. ಅಂಥ ಸಾಲವಿದ್ದರೆ ವಕೀಲರಿಗೆ ಮೊದಲೇ ಹೇಳಿಬಿಡಿ.

ಎರಡನೆಯದು ಬಾಕಿ ಭತ್ಯೆಯ ಪಾಲು. ಭತ್ಯೆ ಮಂಜೂರಾದರೆ ಮಾತ್ರ ಇದು. ಮರುವಿಚಾರಣೆಯಲ್ಲಿ ಸೋತರೆ ಇಲ್ಲ. ಶೇ. 25 ಎನ್ನುವುದು ಗರಿಷ್ಠ ಮಿತಿ, ತಾನಾಗಿ ಸಿಗುವ ಹಕ್ಕಲ್ಲ. ಕರಾರಿನಲ್ಲಿ ಬರೆದಿದ್ದರೂ ನ್ಯಾಯಾಧೀಶರು ಕೆಲಸಕ್ಕೆ ತಕ್ಕ ಫೀಸೇ ಎಂದು ನೋಡಿ ಕಡಿಮೆ ಮಾಡಬಹುದು. ವಕೀಲರೇ ಕೇಸು ಎಳೆದಾಡಿ ಬಾಕಿ ಬೆಳೆಸಿದ್ದರೆ ಖಂಡಿತ ಕತ್ತರಿ ಬೀಳಬೇಕು. ಹೆಂಡತಿ, ಮಕ್ಕಳಿಗೆ ಬರುವ ಬಾಕಿಯೂ ಈ ಲೆಕ್ಕಕ್ಕೆ ಸೇರುತ್ತದೆ. ಅವರ ನೋಟಿಸು ಬೇರೆಯಾಗಿ, ಎಷ್ಟೋ ಸಲ ತಡವಾಗಿ ಬರುವುದರಿಂದ ಅನೇಕರಿಗೆ ಇದು ಗೊತ್ತೇ ಆಗುವುದಿಲ್ಲ.

ಒಂದು ಲೆಕ್ಕ ನೋಡಿ. ಬಾಕಿ 40,000 ಡಾಲರ್. ಕೋರ್ಟು ಪೂರ್ತಿ ಶೇ. 25, ಅಂದರೆ 10,000 ಮಂಜೂರು ಮಾಡಿತು. ವಕೀಲರಿಗೆ ಈಜಾದಿಂದ ಮೊದಲೇ 6,000 ಬಂದಿದೆ. ಆ 6,000 ನಿಮ್ಮಣ್ಣನಿಗೆ ವಾಪಸು ಬರಬೇಕು. ಕೊನೆಗೆ ಅವರ ಬಾಕಿಯಿಂದ ಹೋಗುವುದು 4,000 ಮಾತ್ರ.

ಸೋಷಿಯಲ್ ಸೆಕ್ಯುರಿಟಿ ಕಚೇರಿಯ ಮುಂದೆ ವಾದಿಸಿದ ಫೀಸು ಇದರಿಂದ ಬೇರೆ. ಕೋರ್ಟಿನ ಶೇ. 25ರ ಮಿತಿ ಅದಕ್ಕೆ ಸೇರುವುದಿಲ್ಲ ಎಂದು 2019ರಲ್ಲಿ ತೀರ್ಪಾಗಿದೆ. ಆದರೆ ಇಲಾಖೆ ಫೀಸಿಗೆಂದು ತೆಗೆದಿಡುವುದು ಬಾಕಿಯ ಕಾಲು ಭಾಗ ಮಾತ್ರ. ಎರಡೂ ಸೇರಿ ಅದನ್ನು ಮೀರಿದರೆ, ಉಳಿದದ್ದನ್ನು ವಕೀಲರು ನಿಮ್ಮಣ್ಣನನ್ನೇ ಕೇಳಬಹುದು. ಆದ್ದರಿಂದ ತೆಗೆದಿಟ್ಟ ಹಣ ಮುಗಿದರೆ ಏನು ಮಾಡುತ್ತೀರಿ ಎಂದು ಈಗಲೇ ಬರಹದಲ್ಲಿ ಕೇಳಿ.

ಮಂಜೂರಾತಿ ನೋಟಿಸು, ಕೆಲಸದ ಗಂಟೆಗಳ ಪಟ್ಟಿ, ಫೀಸು ಅರ್ಜಿಯ ಪ್ರತಿ, ಈ ಮೂರನ್ನೂ ತರಿಸಿಕೊಳ್ಳಿ. ಅರ್ಜಿಯಲ್ಲಿ ಈಜಾ ಹಣ ಎಷ್ಟು ಬಂತು, ಅದನ್ನು ವಾಪಸು ಕೊಡುತ್ತೇವೆ ಎಂಬ ಮಾತು ಇಲ್ಲದಿದ್ದರೆ, ಆದೇಶ ಆಗುವ ಮೊದಲೇ ಆಕ್ಷೇಪಣೆ ಬರೆದು ಕೋರ್ಟಿಗೆ ಸಲ್ಲಿಸಿ.