ಚಿಕಿತ್ಸೆ ಮುಗಿದ ಮೇಲೆ ಎಲ್ಲಿಗೆ? ಹಾಫ್‌ವೇ ಹೌಸ್‌ಗಳು ಹುಟ್ಟಿಕೊಂಡ ಕಥೆ

ಕುಡಿತ ಬಿಡಿಸುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಈ ಕೆಲಸದಲ್ಲೇ ಇರುವವರನ್ನು ಕೇಳಿದರೆ ಬೇರೆ ಮಾತು ಬರುತ್ತದೆ. ಬಿಡಿಸುವುದು ಹೇಗೋ ಆಗುತ್ತದೆ, ಬಿಟ್ಟವನು ಬಿಟ್ಟೇ ಇರುವುದು ಕಷ್ಟ ಎನ್ನುತ್ತಾರೆ. ಕೈನಡುಕ ನಿಲ್ಲಿಸಿ, ಮೈಯಲ್ಲಿರುವ ವಿಷ ಇಳಿಸೋಕೆ ಆಸ್ಪತ್ರೆಗೆ ಸಾಮಾನ್ಯವಾಗಿ ಕೆಲವು ದಿನ ಸಾಕು. ಆಮೇಲೆ ಆ ಮನುಷ್ಯ ಹೋಗೋದೆಲ್ಲಿಗೆ? ಅದೇ ಬೀದಿ, ಅದೇ ಗೆಳೆಯರು, ತೀರದ ಸಾಲ, ಮಾತು ಬಿಟ್ಟ ಮನೆಯವರು. ಸಂಜೆಯಾದರೆ ಮಾಡೋಕೆ ಕೆಲಸವಿಲ್ಲ, ಕುಡಿಯೋಕೆ ಜಾಗಗಳಿಗೆ ಬರವಿಲ್ಲ.

ಹೆರಾಯಿನ್‌ನಂಥ ಡ್ರಗ್ಸ್ ಬಿಟ್ಟವರಿಗೆ ಇನ್ನೂ ದೊಡ್ಡ ಅಪಾಯವಿದೆ. ಕೆಲವು ವಾರ ಬಿಟ್ಟಿದ್ದರೆ ಮೈಗೆ ಮೊದಲಿದ್ದ ತಾಳಿಕೆ ಹೋಗಿರುತ್ತದೆ. ಹಳೇ ಲೆಕ್ಕದಲ್ಲೇ ಚುಚ್ಚಿಕೊಂಡರೆ ಉಸಿರೇ ನಿಂತುಹೋಗಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದವರ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಂಕಿಗಳಲ್ಲೇ ತೋರಿಸಿತು. ಹೊರಬಂದ ಮೊದಲ ಎರಡು ವಾರದಲ್ಲಿ ಓವರ್‌ಡೋಸ್‌ನಿಂದ ಸಾಯುವ ಅಪಾಯ ಸಾಮಾನ್ಯ ಜನರಿಗಿಂತ 129 ಪಟ್ಟು ಜಾಸ್ತಿ ಇತ್ತು.

ಈ ಅಪಾಯದ ದಿನಗಳನ್ನು ದಾಟಿಸೋಕೆ ಇರುವುದೇ ಹಾಫ್‌ವೇ ಹೌಸ್. ನೋಡೋಕೆ ಅಲ್ಲಿ ವಿಶೇಷ ಏನೂ ಇಲ್ಲ. ಮಾಮೂಲಿ ಬಾಡಿಗೆ ಮನೆ, ಎಂಟೋ ಹತ್ತೋ ಗಂಡಸರು, ಒಂದು ಕೋಣೆಗೆ ಇಬ್ಬರು. ಅಡುಗೆಮನೆ ಗೋಡೆ ಮೇಲೆ ಡ್ಯೂಟಿ ಪಟ್ಟಿ: ಈ ವಾರ ಬಚ್ಚಲು ಯಾರು ತೊಳೆಯಬೇಕು, ಕಸ ಯಾರು ಹಾಕಬೇಕು. ಹಗಲು ಕೆಲಸಕ್ಕೆ ಹೋಗಬೇಕು, ಇಲ್ಲಾಂದ್ರೆ ಕೆಲಸ ಹುಡುಕಬೇಕು. ರಾತ್ರಿ ಹೇಳಿದ ಹೊತ್ತಿಗೆ ವಾಪಸ್ ಬರಬೇಕು. ಯಾವತ್ತು ಬೇಕಾದರೂ ಮೂತ್ರ ಪರೀಕ್ಷೆಗೆ ಕರೆಯಬಹುದು. ಬಾಡಿಗೆಯಲ್ಲಿ ಪಾಲು ಕೊಡಬೇಕು. ಡಾಕ್ಟರ್, ನರ್ಸ್ ಯಾರೂ ಇರುವುದಿಲ್ಲ. ಪಕ್ಕದ ಮಂಚದಲ್ಲಿ ಮಲಗಿರುವವನಿಗೂ ಇದೇ ಕಾಯಿಲೆ, ಅವನಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳೋದು ಕಷ್ಟ. ಇದೇ ಅಲ್ಲಿರುವ ಔಷಧಿ.

ಇಷ್ಟು ಸರಳವಾದ ಏರ್ಪಾಟು ರೂಢಿಗೆ ಬರೋಕೆ ನೂರು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ಅಷ್ಟೂ ಕಾಲ ಒಂದೇ ಜಗಳ ವೇಷ ಬದಲಿಸಿಕೊಂಡು ಬರುತ್ತಲೇ ಇತ್ತು: ಮನೆಯ ಯಜಮಾನಿಕೆ ಯಾರದು?

ಹಳೇ ಕುರುಹು ಹುಡುಕುತ್ತಾ ಹೋದರೆ ಅಮೆರಿಕದ ವೈದ್ಯ ಬೆಂಜಮಿನ್ ರಶ್ ಸಿಗುತ್ತಾರೆ. ಅತಿ ಕುಡಿತ ಒಂದು ಕಾಯಿಲೆ ಎಂದು 1784ರಲ್ಲೇ ಬರೆದವರು ಅವರು. ಕುಡುಕರಿಗೆಂದೇ ಪ್ರತ್ಯೇಕ ಮನೆ ಬೇಕು ಅಂತಲೂ ಆಮೇಲೆ ಹೇಳಿದರು. ಅವರ ಕಾಲದಲ್ಲಿ ಅದು ಮಾತಾಗಿಯೇ ಉಳಿಯಿತು.

ಕೆಲಸ ಶುರು ಮಾಡಿದ್ದು ಕುಡುಕರೇ. 1840ರ ಏಪ್ರಿಲ್‌ನಲ್ಲಿ ಬಾಲ್ಟಿಮೋರ್‌ನ ಒಂದು ಹೆಂಡದಂಗಡಿಯಲ್ಲಿ ಕೂತಿದ್ದ ಆರು ಜನ ಗೆಳೆಯರು ಇನ್ನು ಕುಡಿಯೋದಿಲ್ಲ ಎಂದು ಪಣ ತೊಟ್ಟರು. ದರ್ಜಿ, ಬಡಗಿ, ಕಮ್ಮಾರ, ಹೀಗೆ ಕೈಕೆಲಸದ ಜನ. ವಾಷಿಂಗ್ಟೋನಿಯನ್ನರು ಎಂದು ಹೆಸರಾದ ಈ ಗುಂಪು ಕೆಲವೇ ವರ್ಷಗಳಲ್ಲಿ ಊರೂರಿಗೆ ಹಬ್ಬಿತು. ಪಾದ್ರಿಗಳ ಉಪದೇಶ ಇಲ್ಲ, ಡಾಕ್ಟರ ಭಾಷಣ ಇಲ್ಲ. ಕುಡಿದು ಹಾಳಾದವನು ಎದ್ದು ನಿಂತು ತನ್ನ ಕಥೆ ಹೇಳುತ್ತಿದ್ದ, ಕೇಳಿದವರು ಪಣಕ್ಕೆ ಸಹಿ ಹಾಕುತ್ತಿದ್ದರು. ಸಹಿ ಹಾಕಿದವನಿಗೆ ರಾತ್ರಿ ಮಲಗೋಕೆ ಜಾಗ ಬೇಕಲ್ವಾ? ಹಾಗಾಗಿ ಬಾಸ್ಟನ್‌ನಲ್ಲಿ ಸಭೆ ಸೇರುವ ಕಟ್ಟಡದಲ್ಲೇ ಮಲಗಲು ಕೋಣೆಗಳನ್ನು ಮಾಡಿಕೊಟ್ಟರು. ಚಳವಳಿ ಬೇಗ ತಣ್ಣಗಾಯಿತು, ಮನೆ ಬೇಕು ಅನ್ನುವ ಯೋಚನೆ ಮಾತ್ರ ಉಳಿಯಿತು. 1857ರಲ್ಲಿ ಬಾಸ್ಟನ್‌ನಲ್ಲಿ, 1863ರಲ್ಲಿ ಶಿಕಾಗೋದಲ್ಲಿ ವಾಷಿಂಗ್ಟೋನಿಯನ್ ಹೋಮ್‌ಗಳು ಶುರುವಾದವು. ಒಳಗಿದ್ದವರು ಬಹುಮಟ್ಟಿಗೆ ತಮ್ಮ ಇಷ್ಟದಿಂದ ಬಂದವರು. ಬೀಗ, ಸರಪಳಿ ನಂಬಿ ಕಟ್ಟಿದ ಮನೆಗಳಲ್ಲ ಅವು.

ಇದಕ್ಕೆ ನೇರ ಎದುರಾಗಿ ಇನ್ನೊಂದು ದಾರಿಯೂ ಆಗಲೇ ತೆರೆಯಿತು. ಜೋಸೆಫ್ ಎಡ್ವರ್ಡ್ ಟರ್ನರ್ ಎಂಬ ವೈದ್ಯ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಂಟನ್‌ನಲ್ಲಿ ಕೋಟೆಯಂಥ ಕಟ್ಟಡ ಎಬ್ಬಿಸಿದರು. 1864ರಲ್ಲಿ ಬಾಗಿಲು ತೆರೆದ ಇದು ಕುಡುಕರಿಗೆಂದೇ ಕಟ್ಟಿದ ಆಸ್ಪತ್ರೆ. ಕುಡುಕನನ್ನು ಕಾನೂನಿನ ಬಲದಿಂದ ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡರೆ ಮಾತ್ರ ಗುಣ ಎಂದು ಟರ್ನರ್ ನಂಬಿದ್ದರು. ಜಗಳ, ಅನುಮಾನ, ದುಡ್ಡಿನ ತಕರಾರು ಎಲ್ಲ ಸೇರಿ 1879ರ ಹೊತ್ತಿಗೆ ಅದು ಮಾಮೂಲಿ ಮಾನಸಿಕ ಆಸ್ಪತ್ರೆಯಾಗಿ ಹೋಯಿತು. ಅದೇ ವರ್ಷ ಇಲಿನಾಯ್ ರಾಜ್ಯದ ಡ್ವೈಟ್‌ನಲ್ಲಿ ಲೆಸ್ಲಿ ಕೀಲಿ ಎಂಬ ವೈದ್ಯ ಚಿನ್ನದ ಔಷಧಿ ಎಂದು ಹೇಳಿ ಕುಡುಕರಿಗೆ ಚಿಕಿತ್ಸೆ ಕೊಡೋಕೆ ಶುರು ಮಾಡಿದರು. ದಿನಕ್ಕೆ ನಾಲ್ಕು ಸಲ ಸೂಜಿ, ನಾಲ್ಕು ವಾರದ ಕೋರ್ಸ್. ಔಷಧಿಯ ಗುಟ್ಟು ಯಾರಿಗೂ ಬಿಟ್ಟುಕೊಡಲಿಲ್ಲ. ಅಲ್ಲಿ ಗುಣವಾದವರು 1891ರಲ್ಲಿ ತಾವೇ ಕ್ಲಬ್ ಕಟ್ಟಿಕೊಂಡು ಒಬ್ಬರಿಗೊಬ್ಬರು ಆಸರೆಯಾದರು. ನನ್ನ ಕೇಳಿದರೆ ಕೆಲಸ ಮಾಡಿದ್ದು ಸೂಜಿಯಲ್ಲ, ಆ ಸೂಜಿಗಾಗಿ ಸಾಲಲ್ಲಿ ನಿಂತಾಗ ಪಕ್ಕದಲ್ಲಿದ್ದವನು.

ಇಪ್ಪತ್ತನೇ ಶತಮಾನ ಶುರುವಾದ ಮೇಲೆ ಈ ಮನೆಗಳಲ್ಲಿ ಹೆಚ್ಚಿನವು ಮುಚ್ಚಿದವು. ಅಫೀಮು, ಕೊಕೇನ್ ಮಾರಾಟಕ್ಕೆ ಕಡಿವಾಣ ಹಾಕಿದ 1914ರ ಹ್ಯಾರಿಸನ್ ಕಾಯ್ದೆ ಬಂದ ಮೇಲೆ ಡ್ರಗ್ಸ್ ಚಟ ಪೊಲೀಸರ ವಿಷಯವಾಯಿತು. 1920ರ ಪಾನನಿಷೇಧ ಬಂದಾಗ, ಹೆಂಡವೇ ಇಲ್ಲದ ಮೇಲೆ ಕುಡುಕರ ಮನೆ ಯಾಕೆ ಅಂದುಕೊಂಡರು. 1935ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಸರ್ಕಾರ ಡ್ರಗ್ಸ್ ವ್ಯಸನಿಗಳಿಗೆಂದು ದೊಡ್ಡ ನಾರ್ಕೋಟಿಕ್ ಫಾರ್ಮ್ ತೆರೆಯಿತು. ಅದು ಅರ್ಧ ಆಸ್ಪತ್ರೆ, ಅರ್ಧ ಜೈಲು. ಹೊಲದ ಕೆಲಸ, ಒಳ್ಳೆ ಗಾಳಿ, ಒಳ್ಳೆ ಡಾಕ್ಟರು ಎಲ್ಲ ಇತ್ತು. ಹೊರಗೆ ಹೋದವರಲ್ಲಿ ಬಹುಪಾಲು ಜನ ಮತ್ತೆ ಹಳೇ ಚಾಳಿಗೆ ಬಿದ್ದರು. ಗೇಟಿನ ಆಚೆ ಅವರಿಗಾಗಿ ಏನೂ ಇರಲಿಲ್ಲ.

ಅದೇ 1935ರಲ್ಲಿ ಓಹಾಯೋದ ಆಕ್ರನ್‌ನಲ್ಲಿ ಬಿಲ್ ವಿಲ್ಸನ್ ಎಂಬ ಶೇರು ವ್ಯವಹಾರದ ಮನುಷ್ಯ, ಬಾಬ್ ಸ್ಮಿತ್ ಎಂಬ ಸರ್ಜನ್ ಭೇಟಿಯಾದರು. ಇಬ್ಬರೂ ಭಾರೀ ಕುಡುಕರು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಹುಟ್ಟಿದ್ದು ಹೀಗೆ. ಮೊದಲ ವರ್ಷಗಳಲ್ಲಿ ವಿಲ್ಸನ್ ದಂಪತಿ ಬ್ರೂಕ್ಲಿನ್‌ನ ತಮ್ಮ ಮನೆಯಲ್ಲೇ ಕುಡುಕರನ್ನು ಇಟ್ಟುಕೊಂಡರು. ಊಟ, ಹಾಸಿಗೆ ಎಲ್ಲ ಪುಕ್ಕಟೆ. ಹೆಂಡತಿ ಲೋಯಿಸ್ ಅಂಗಡಿ ಕೆಲಸಕ್ಕೆ ಹೋಗಿ ಸಂಸಾರ ತೂಗಿಸುತ್ತಿದ್ದರು. ಆ ಮನೆಯಲ್ಲಿ ಉಳಿದುಕೊಂಡು ಗುಣವಾದವರು ಇಲ್ಲವೆನ್ನುವಷ್ಟು ಕಡಿಮೆ. ಯಾರೋ ಒಬ್ಬರು ಸಾಕುತ್ತಿದ್ದರೆ ಕುಡುಕ ಸಾಕಿಸಿಕೊಳ್ಳುತ್ತಲೇ ಇರುತ್ತಾನೆ ಅನ್ನುವ ಪಾಠ ಅಲ್ಲಿ ಸಿಕ್ಕಿತು.

ಎಎ ಸಂಸ್ಥೆ 1950ರಲ್ಲಿ ಒಪ್ಪಿಕೊಂಡ ತನ್ನ ಸಂಪ್ರದಾಯಗಳಲ್ಲಿ ಆಸ್ತಿ, ಆಸ್ಪತ್ರೆ, ಮನೆ ಯಾವುದಕ್ಕೂ ಹೆಸರು ಕೊಡುವುದಿಲ್ಲ ಎಂದುಬಿಟ್ಟಿತು. ದುಡ್ಡು ಬಂದರೆ ಜಗಳ ಬರುತ್ತದೆ, ಉದ್ದೇಶ ಹಾಳಾಗುತ್ತದೆ ಅನ್ನುವ ಭಯ. ಇವತ್ತಿಗೂ ಹಾಫ್‌ವೇ ಹೌಸ್‌ನ ಬೋರ್ಡಿನಲ್ಲಿ ಎಎ ಹೆಸರು ಇರುವುದಿಲ್ಲ. ಒಳಗಿರುವವರು ಮಾತ್ರ ಎಎ ಮೀಟಿಂಗಿಗೆ ಹೋಗಿಬರುತ್ತಿರುತ್ತಾರೆ.

ಹಾಗಾಗಿ ಮನೆ ಕಟ್ಟುವ ಕೆಲಸ ಬೇರೆಯವರ ಪಾಲಿಗೆ ಬಂತು. 1949ರಲ್ಲಿ ಮಿನೆಸೋಟಾದ ಒಂದು ಹಳೇ ತೋಟದ ಮನೆಯಲ್ಲಿ ಹೇಜಲ್ಡನ್ ಎಂಬ ಚಿಕಿತ್ಸಾ ಕೇಂದ್ರ ಶುರುವಾಯಿತು. ಗಂಡಸರಿಗೆ ಮಾತ್ರ ಪ್ರವೇಶ. ಅಲ್ಲಿ ಇದ್ದ ನಿಯಮಗಳು ನಾಲ್ಕೇ ನಾಲ್ಕು: ನಿನ್ನ ಹಾಸಿಗೆ ನೀನೇ ಸರಿ ಮಾಡು, ಮರ್ಯಾದೆಯಿಂದ ನಡೆದುಕೋ, ಉಪನ್ಯಾಸಕ್ಕೆ ಬಾ, ಜೊತೆಯವರ ಹತ್ತಿರ ಮಾತಾಡು. ಎದ್ದ ಕೂಡಲೇ ಹಾಸಿಗೆ ಸರಿಮಾಡೋಕೂ ಬಾಟಲಿಗೂ ಏನು ಸಂಬಂಧ ಅನ್ನಿಸಬಹುದು. ವರ್ಷಗಟ್ಟಲೆ ಮಧ್ಯಾಹ್ನ ಎದ್ದು ಅಭ್ಯಾಸವಾದವನಿಗೆ ದಿನದಲ್ಲಿ ಒಂದು ಕೆಲಸವಾದರೂ ಹೊತ್ತಿಗೆ ಸರಿಯಾಗಿ ಮುಗಿಸಿದೆ ಅನ್ನಿಸುವುದು ಸಣ್ಣ ವಿಷಯ ಅಲ್ಲ. ಚಿಕಿತ್ಸೆ ಮುಗಿಸಿ ಹೊರಟವರು ಎಡವುತ್ತಿರುವುದನ್ನು ಕಂಡು 1953ರಲ್ಲಿ ಸೇಂಟ್ ಪಾಲ್ ಊರಿನಲ್ಲಿ ಫೆಲೋಶಿಪ್ ಕ್ಲಬ್ ಎಂಬ ಮನೆ ತೆರೆದರು. ನಾವು ಇವತ್ತು ಹಾಫ್‌ವೇ ಹೌಸ್ ಎನ್ನುವುದರ ರೂಪ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹೆಂಗಸರಿಗೆ ಹೇಜಲ್ಡನ್ ಬೇರೆ ಜಾಗ ಮಾಡಿದ್ದು 1956ರಲ್ಲಿ. ಹೆಂಗಸರು ಕುಡಿಯುತ್ತಿರಲಿಲ್ಲ ಅಂತಲ್ಲ. ಗಂಡಸು ರಸ್ತೆಯಲ್ಲಿ ಬೀಳುತ್ತಿದ್ದ, ಜೈಲು ಸೇರುತ್ತಿದ್ದ, ಹಾಗಾಗಿ ಕಣ್ಣಿಗೆ ಬೀಳುತ್ತಿದ್ದ. ಹೆಂಗಸಿನ ಚಟವನ್ನು ಮನೆಯವರೇ ಮುಚ್ಚಿಡುತ್ತಿದ್ದರು.

ಈ ಇತಿಹಾಸದ ಅತ್ಯಂತ ಭಯಾನಕ ಅಧ್ಯಾಯ ಸಿನಾನನ್. ಚಾರ್ಲ್ಸ್ ಡೆಡರಿಕ್ ಎಂಬ ಮಾಜಿ ಕುಡುಕ 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 33 ಡಾಲರ್ ನಿರುದ್ಯೋಗ ಭತ್ಯೆ ಇಟ್ಟುಕೊಂಡು ಇದನ್ನು ಶುರು ಮಾಡಿದ. ಯಾರೂ ಹತ್ತಿರ ಸೇರಿಸದ ಹೆರಾಯಿನ್ ವ್ಯಸನಿಗಳಿಗೆ ಅಲ್ಲಿ ಜಾಗ ಸಿಕ್ಕಿತು. ಗೇಮ್ ಎಂಬ ಹೆಸರಿನಲ್ಲಿ ಎಲ್ಲರೂ ಸುತ್ತ ಕೂತು ಗಂಟೆಗಟ್ಟಲೆ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು, ಒಬ್ಬರ ಹುಳುಕು ಇನ್ನೊಬ್ಬರು ಎತ್ತಿ ಆಡುತ್ತಿದ್ದರು. ಮೊದಲ ವರ್ಷಗಳಲ್ಲಿ ಪತ್ರಿಕೆಗಳು, ರಾಜಕಾರಣಿಗಳು ಹೊಗಳಿದ್ದೇ ಹೊಗಳಿದ್ದು. ಡ್ರಗ್ಸ್ ಬಿಡಿಸುವ ಡೇಟಾಪ್ (1963), ಫೀನಿಕ್ಸ್ ಹೌಸ್ (1967) ಸಂಸ್ಥೆಗಳು ಇದೇ ಬೇರಿನಿಂದ ಚಿಗುರಿದವು.

ಆಮೇಲೆ ಡೆಡರಿಕ್ ವರಸೆ ಬದಲಿಸಿದ. ಗುಣವಾಗಿ ಹೊರಗೆ ಹೋಗುವ ಮಾತೇ ಇಲ್ಲ, ಸಾಯುವವರೆಗೂ ಇಲ್ಲೇ ಇರಬೇಕು ಎಂದ. ತಲೆ ಬೋಳಿಸಿದರು, ಗಂಡಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರು, ದಂಪತಿಗಳನ್ನು ಬೇರೆ ಮಾಡಿದರು. 1978ರಲ್ಲಿ ಸಂಸ್ಥೆಯ ವಿರುದ್ಧ ಕೇಸು ಗೆದ್ದ ವಕೀಲರೊಬ್ಬರ ಅಂಚೆ ಪೆಟ್ಟಿಗೆಯಲ್ಲಿ ರ್‍ಯಾಟಲ್ ಹಾವು ಬಿಟ್ಟರು. ಸದ್ದಾಗದಿರಲಿ ಅಂತ ಬಾಲದ ಗಿಲಕಿಯನ್ನೇ ಕತ್ತರಿಸಿದ್ದರು. ಹಾವು ಕಚ್ಚಿತು, ವಕೀಲರು ಹೇಗೋ ಬದುಕಿಕೊಂಡರು. ಕೆಲವೇ ವಾರಗಳಲ್ಲಿ ಪೊಲೀಸರು ಡೆಡರಿಕ್‌ನನ್ನು ಹಿಡಿಯಲು ಹೋದಾಗ ಅವನೇ ಕಂಠಪೂರ್ತಿ ಕುಡಿದಿದ್ದ. 1991ರಲ್ಲಿ ಸಿನಾನನ್ ಮುಚ್ಚಿತು.

ಇಷ್ಟರೊಳಗೆ ಕಾನೂನು ಬದಲಾಗಿತ್ತು. ಚಟ ಇರುವುದೇ ಅಪರಾಧ ಅಂತ ಶಿಕ್ಷೆ ಕೊಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿತ್ತು. ತಾನೂ ಕುಡಿತದಿಂದ ಹೊರಬಂದಿದ್ದ ಸೆನೆಟರ್ ಹೆರಾಲ್ಡ್ ಹ್ಯೂಸ್ 1970ರಲ್ಲಿ ಮದ್ಯವ್ಯಸನದ ಚಿಕಿತ್ಸೆಗೆ ಕಾಯ್ದೆ ತಂದರು. ಸರ್ಕಾರದ ದುಡ್ಡು ಬಂತು, ಹಾಫ್‌ವೇ ಹೌಸ್‌ಗಳು ಹೆಚ್ಚಾದವು. ಜೊತೆಗೆ ಫೈಲು, ಸಿಬ್ಬಂದಿ, ಆರು ತಿಂಗಳ ಗಡುವು ಕೂಡ ಬಂದವು.

ಈ ಗಡುವೇ ಮುಂದಿನ ತಿರುವಿಗೆ ಕಾರಣ. 1975ರಲ್ಲಿ ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಕೌಂಟಿ, ಅಂದರೆ ಅಲ್ಲಿನ ಜಿಲ್ಲಾಡಳಿತ, ನಡೆಸುತ್ತಿದ್ದ ಹಾಫ್‌ವೇ ಹೌಸ್ ಒಂದನ್ನು ದುಡ್ಡಿಲ್ಲ ಅಂತ ಮುಚ್ಚಲು ಹೊರಟರು. ಗಡುವು ಮುಗಿದು ಹೊರಹೋದವರು ಬೇಗನೇ ಮತ್ತೆ ಕುಡಿಯುತ್ತಿದ್ದುದನ್ನು ಅಲ್ಲಿದ್ದವರು ಕಣ್ಣಾರೆ ಕಂಡಿದ್ದರು. ಅವರಲ್ಲಿ ಪಾಲ್ ಮಲಾಯ್ ಎಂಬ ವಕೀಲರೂ ಇದ್ದರು. ಎಲ್ಲ ಸೇರಿ ಅದೇ ಮನೆಯನ್ನು ತಾವೇ ಬಾಡಿಗೆಗೆ ಹಿಡಿದರು. ಮ್ಯಾನೇಜರ್ ಇಲ್ಲ, ಕೌನ್ಸೆಲರ್ ಇಲ್ಲ. ಹೆಸರು ಆಕ್ಸ್‌ಫರ್ಡ್ ಹೌಸ್. ಷರತ್ತು ಮೂರು: ಮನೆ ಮತದಿಂದ ನಡೆಯಬೇಕು, ಖರ್ಚು ತಾವೇ ಭರಿಸಬೇಕು, ಮತ್ತೆ ಕುಡಿದವನು ಅಥವಾ ಡ್ರಗ್ಸ್ ತಗೊಂಡವನು ತಕ್ಷಣ ಹೊರಗೆ. ಇಷ್ಟು ಪಾಲಿಸಿದರೆ ಎಷ್ಟು ವರ್ಷ ಬೇಕಾದರೂ ಇರಬಹುದು.

ವಾರಕ್ಕೊಮ್ಮೆ ಮನೆಯವರೆಲ್ಲ ಮೀಟಿಂಗ್ ಕೂರುತ್ತಾರೆ. ಖಜಾಂಚಿ ಬ್ಯಾಂಕ್ ಲೆಕ್ಕ ಓದುತ್ತಾನೆ, ಯಾರ ಬಾಡಿಗೆ ಬಾಕಿ ಎಂದು ಎಲ್ಲರೆದುರೇ ಹೇಳುತ್ತಾನೆ. ಹೊಸಬ ಬರಬೇಕಾದರೆ ಮನೆಯಲ್ಲಿರುವ 80 ಶೇಕಡಾ ಜನ ಒಪ್ಪಬೇಕು. ಒಂದೇ ಹುದ್ದೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಒಬ್ಬನೇ ಕೂರುವಂತಿಲ್ಲ. ಯಜಮಾನ ಹುಟ್ಟಿಕೊಳ್ಳದಂತೆ ತಡೆಯೋಕೆ ಇದಕ್ಕಿಂತ ಸರಳ ಉಪಾಯ ನನಗಂತೂ ಕಂಡಿಲ್ಲ. 1988ರ ಕಾಯ್ದೆಯೊಂದರ ಪ್ರಕಾರ ಪ್ರತಿ ರಾಜ್ಯ 1 ಲಕ್ಷ ಡಾಲರ್ ನಿಧಿ ಇಟ್ಟು, ಇಂಥ ಮನೆ ಶುರು ಮಾಡುವವರಿಗೆ 4,000 ಡಾಲರ್‌ವರೆಗೆ ಸಾಲ ಕೊಡಬೇಕಾಯಿತು. ದಾನವಲ್ಲ, ಎರಡು ವರ್ಷದಲ್ಲಿ ವಾಪಸ್ ಕಟ್ಟಬೇಕು.

ಅಕ್ಕಪಕ್ಕದವರ ವಿರೋಧ ಬೇರೆ. ವಾಷಿಂಗ್ಟನ್ ರಾಜ್ಯದ ಎಡ್ಮಂಡ್ಸ್ ನಗರದಲ್ಲಿ ಸಂಬಂಧಿಕರಲ್ಲದ ಐದಕ್ಕಿಂತ ಹೆಚ್ಚು ಜನ ಒಂದೇ ಮನೆಯಲ್ಲಿ ಇರಬಾರದು ಎಂಬ ನಿಯಮ ಇತ್ತು. ಅದನ್ನೇ ಹಿಡಿದು ಆಡಳಿತ ಆಕ್ಸ್‌ಫರ್ಡ್ ಹೌಸ್ ಮೇಲೆ ಬಿತ್ತು. 1995ರಲ್ಲಿ ಸುಪ್ರೀಂ ಕೋರ್ಟ್ 6-3ರ ತೀರ್ಪು ಕೊಟ್ಟು, ವಸತಿಯಲ್ಲಿ ತಾರತಮ್ಯ ತಡೆಯುವ ಕಾನೂನಿನಿಂದ ಈ ನಿಯಮಕ್ಕೆ ವಿನಾಯಿತಿ ಇಲ್ಲ ಎಂದಿತು.

ಇಷ್ಟೆಲ್ಲ ಮಾಡಿ ಉಪಯೋಗ ಆಯ್ತಾ? ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ಲೆನರ್ಡ್ ಜೇಸನ್ ತಂಡ ಚಿಕಿತ್ಸೆ ಮುಗಿಸಿದ 150 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಅರ್ಧ ಜನ ಆಕ್ಸ್‌ಫರ್ಡ್ ಹೌಸ್‌ಗೆ, ಉಳಿದವರು ಮಾಮೂಲಿ ದಾರಿಗೆ. ಎರಡು ವರ್ಷದ ನಂತರ ಮತ್ತೆ ಚಟಕ್ಕೆ ಮರಳಿದವರು ಮೊದಲ ಗುಂಪಿನಲ್ಲಿ 31.3 ಶೇಕಡಾ, ಎರಡನೆಯದರಲ್ಲಿ 64.8 ಶೇಕಡಾ. 2006ರಲ್ಲಿ ಪ್ರಕಟವಾದ ಈ ಅಧ್ಯಯನ ಸಣ್ಣದೇ. ಆದರೆ ವ್ಯತ್ಯಾಸ ತಳ್ಳಿಹಾಕುವಂಥದ್ದಲ್ಲ.

ದುಡ್ಡಿನ ವಾಸನೆ ಬಂದ ಕಡೆ ಕಥೆ ಬೇರೆಯೇ ಆಯಿತು. ದಕ್ಷಿಣ ಫ್ಲಾರಿಡಾದಲ್ಲಿ ಕೆಲವು ಮನೆಗಳ ಮಾಲೀಕರಿಗೆ ಬಾಡಿಗೆಗಿಂತ ಹುಡುಗರ ಇನ್ಶೂರೆನ್ಸ್ ಮೇಲೆ ಕಣ್ಣು ಬಿತ್ತು. ವಾರಕ್ಕೆ ಹಲವು ಸಲ ಮೂತ್ರ ಪರೀಕ್ಷೆ, ಪ್ರತಿಯೊಂದಕ್ಕೂ ದುಬಾರಿ ಬಿಲ್ಲು, ಅದರಲ್ಲಿ ಕಮಿಷನ್. ಬಾಡಿಗೆ ಫ್ರೀ, ಮೊಬೈಲ್ ಫ್ರೀ ಎಂದು ದಲ್ಲಾಳಿಗಳು ಹುಡುಗರನ್ನು ಕರೆತರುತ್ತಿದ್ದರು. ಹುಡುಗ ಮತ್ತೆ ಚಟಕ್ಕೆ ಬಿದ್ದರೆ ಇನ್ನೂ ಲಾಭ, ಚಿಕಿತ್ಸೆಯ ಬಿಲ್ಲು ಮೊದಲಿಂದ ಶುರು. 2016ರಲ್ಲಿ ಪಾಮ್ ಬೀಚ್ ಕೌಂಟಿಯಲ್ಲಿ ವಿಶೇಷ ತನಿಖಾ ಪಡೆ ರಚಿಸಿ ಹಲವರನ್ನು ಬಂಧಿಸಿದರು. 2023ರಲ್ಲಿ ಅರಿಜೋನಾದಲ್ಲಿ ಮೂಲನಿವಾಸಿಗಳನ್ನು ಗುರಿಮಾಡಿ ಇಂಥದೇ ದಂಧೆ ನಡೆದದ್ದು ಹೊರಬಿತ್ತು. ಮನೆಗಳು ದಿಢೀರ್ ಮುಚ್ಚಿದಾಗ ಒಳಗಿದ್ದವರು ಬೀದಿಗೆ ಬಿದ್ದರು.

ಈಗಿನ ತಕರಾರು ಮಾತ್ರೆಗಳದ್ದು. ಹೆರಾಯಿನ್ ಚಟಕ್ಕೆ ಮೆಥಡೋನ್, ಬ್ಯುಪ್ರೆನಾರ್ಫಿನ್ ಒಳ್ಳೆ ಔಷಧಿಗಳು, ಸಾವು ತಪ್ಪಿಸುತ್ತವೆ ಅನ್ನುವುದಕ್ಕೆ ಪುರಾವೆ ಬೇಕಾದಷ್ಟಿದೆ. ಆದರೂ ಎಷ್ಟೋ ಹಾಫ್‌ವೇ ಹೌಸ್‌ಗಳು, ಇವನ್ನು ತಗೊಳ್ಳುವವನು ಪೂರ್ತಿ ಬಿಟ್ಟವನಲ್ಲ ಎಂದು ಹೊಸ್ತಿಲಲ್ಲೇ ತಡೆಯುತ್ತಿದ್ದವು. ಡಾಕ್ಟರು ಬರೆದುಕೊಟ್ಟ ಔಷಧಿಯ ನೆಪದಲ್ಲಿ ಹೀಗೆ ತಡೆಯುವುದು ಅಂಗವಿಕಲರ ಹಕ್ಕಿನ ಕಾನೂನಿಗೆ ವಿರುದ್ಧ ಎಂದು ಅಮೆರಿಕದ ನ್ಯಾಯ ಇಲಾಖೆ 2022ರ ಏಪ್ರಿಲ್‌ನಲ್ಲಿ ಹೇಳಿತು. ಹಳೇ ಮನೆಗಳಲ್ಲಿ ವಾದ ಇನ್ನೂ ಮುಗಿದಿಲ್ಲ. ಒಪ್ಪಿಕೊಂಡ ಮನೆಗಳಲ್ಲಿ ಮೀಟಿಂಗಿಗೆ ಹೊಸದೊಂದು ವಿಷಯ ಸೇರಿದೆ: ಮಾತ್ರೆ ಇಡುವ ಪೆಟ್ಟಿಗೆಯ ಬೀಗದಕೈ ಯಾರ ಹತ್ತಿರ ಇರಬೇಕು, ಎಣಿಸಿ ಕೊಡುವುದು ಯಾರು?